ಹನ್ನೆರಡು ಜನ, ಎರಡು ರಾತ್ರಿ: ಜೋಗಿಮಟ್ಟಿಯಾ, ತೋಟದ ಮನೆಯಾ, ಕೊಂಡಜ್ಜಿಯಾ, ಇಲ್ಲಾ ಕೆಮ್ಮಣ್ಣುಗುಂಡಿಯಾ?

ಬೆಳಿಗ್ಗೆ ಐದೂವರೆ. ಚನ್ನಗಿರಿ ಕಡೆಯ ಒಂದು ಅಡಿಕೆ ತೋಟದ ಮನೆ. ನಮ್ಮ ದೊಡ್ಡಮ್ಮ ಚೊಂಬು ಹಿಡಿದು ಹಿತ್ತಲಿನ ನಲ್ಲಿ ತಿರುಗಿಸಿದರು. ನಲ್ಲಿ ಎರಡು ಸಲ ಕೆಮ್ಮಿತು, ಒಂದಿಷ್ಟು ಗಾಳಿ ಬಿಟ್ಟಿತು, ಸುಮ್ಮನಾಯಿತು. ಒಳಗೆ ಇನ್ನೂ ಹನ್ನೊಂದು ಜನ ಮಲಗಿದ್ದರು. ಮಾಲೀಕರಿಗೆ ಫೋನ್ ಹಚ್ಚಿದರೆ, "ತ್ರೀಫೇಸ್ ಹತ್ತೂವರೆಗೆ ಕೊಡ್ತಾರೆ ಸಾರ್, ಆವಾಗ ಮೋಟ್ರು ಹಾಕ್ತೀನಿ, ಅಲ್ಲೀತನಕ ಸ್ವಲ್ಪ ಅಡ್ಜಸ್ಟ್ ಮಾಡ್ಕಳ್ರಿ" ಅಂದರು. ದೊಡ್ಡಮ್ಮ ಖಾಲಿ ಚೊಂಬನ್ನು ನನ್ನ ಕೈಗೆ ಕೊಟ್ಟು, "ನೀನೇ ಅಲ್ವೇನೋ ಈ ಮನೆ ಹುಡುಕಿದ್ದು? ತಗಾ" ಅಂದರು.

ಆ ಚೊಂಬಿನ ದೆಸೆಯಿಂದಲೇ ಇದನ್ನು ಬರೆಯುತ್ತಿದ್ದೇನೆ.

ದಾವಣಗೆರೆ ಅಥವಾ ಚಿತ್ರದುರ್ಗದಿಂದ ಹತ್ತು ಹನ್ನೆರಡು ಜನ ಸೇರಿಕೊಂಡು, ಹೋಟೆಲ್ ರೂಮು ಬೇಡ, ಕಾಡಿನ ಹತ್ತಿರ ಎಲ್ಲಾದರೂ ಹಳೇ ಮನೆಯಲ್ಲೋ ಬಂಗಲೆಯಲ್ಲೋ ಎರಡು ದಿನ ಇದ್ದು ನಾವೇ ಅಡುಗೆ ಮಾಡಿಕೊಂಡು ಬರೋಣ ಅಂತ ಯೋಚಿಸುವವರಿಗೆ ಇದು. ಗುಂಪಿನಲ್ಲಿ ಎಪ್ಪತ್ತರ ಅಜ್ಜಿಯೂ ಇರುತ್ತಾರೆ, ಮೂರು ವರ್ಷದ ಮಗುವೂ ಇರುತ್ತದೆ ಅನ್ನೋದು ನನ್ನ ಲೆಕ್ಕ. ಬರೀ ಕಾಲೇಜು ಹುಡುಗರೇ ಆದರೆ ಎಲ್ಲಿಗೆ ಬೇಕಾದರೂ ಹೋಗಿ. ಅವರು ಬಂಡೆ ಮೇಲೂ ಮಲಗುತ್ತಾರೆ.

ನಾವೆಲ್ಲ ಮಾಡುವ ತಪ್ಪು ಒಂದೇ. ಫೋಟೋ ನೋಡಿ ಜಾಗ ಆರಿಸುತ್ತೇವೆ. ಮಂಜು, ಹೆಂಚಿನ ಮಾಡು, ಜಗಲಿ ಮೇಲೆ ಕಾಫಿ ಲೋಟ. ಆ ಫೋಟೋದಲ್ಲಿ ಸಿಂಟೆಕ್ಸ್ ಟ್ಯಾಂಕು ಕಾಣುವುದಿಲ್ಲ. ಪಾಯಿಖಾನೆ ಮನೆಯಿಂದ ಎಷ್ಟು ದೂರ ಅಂತ ಕಾಣುವುದಿಲ್ಲ. ನನ್ನ ಪ್ರಕಾರ ನೋಡಬೇಕಾದ್ದು ಮೊದಲು ನೀರು, ಆಮೇಲೆ ಪಾಯಿಖಾನೆ, ಆಮೇಲೆ ರಾತ್ರಿ ಆಸ್ಪತ್ರೆಗೆ ಹೋಗೋ ದಾರಿ. ನೋಟ ಕೊನೆಗೆ.

ನೀರಿನ ಲೆಕ್ಕ ಹೀಗೆ. ಒಬ್ಬರಿಗೆ ಸ್ನಾನಕ್ಕೆ ಒಂದು ಬಕೆಟ್ ಅಂದರೆ 20 ಲೀಟರ್, ಪಾಯಿಖಾನೆಗೆ ಕಡಿಮೆ ಅಂದರೂ 10, ಅಡುಗೆ, ಪಾತ್ರೆ, ಕೈಕಾಲು ಅಂತ ಇನ್ನೊಂದು 10. ಒಟ್ಟು 40. ಹನ್ನೆರಡು ಜನಕ್ಕೆ 480. ಅಂದರೆ 500 ಲೀಟರಿನ ಟ್ಯಾಂಕು ಒಂದೇ ದಿನಕ್ಕೆ, ಅದೂ ಯಾರೂ ನಲ್ಲಿ ಬಿಟ್ಟು ಹಲ್ಲು ಉಜ್ಜದೇ ಇದ್ದರೆ. ನಮ್ಮ ಚಿಕ್ಕಪ್ಪ ಒಬ್ಬರಿದ್ದಾರೆ, ಅವರು ಇರುವ ಕಡೆ 1,000 ಲೀಟರ್ ಹಿಡಿಯಿರಿ.

ಪಾಯಿಖಾನೆ ಲೆಕ್ಕವೂ ಅಷ್ಟೇ ಸುಲಭ. ತಲಾ ಏಳು ನಿಮಿಷ ಅಂದರೂ ಹನ್ನೆರಡು ಜನಕ್ಕೆ 84 ನಿಮಿಷ. ಒಂದೇ ಇದ್ದರೆ ಸೂರ್ಯೋದಯ ನೋಡುವ ಪ್ಲಾನು ಬಿಟ್ಟುಬಿಡಿ. ಆರು ಜನಕ್ಕೆ ಒಂದು ಇದ್ದರೆ ಜಗಳ ಇಲ್ಲ.

ಜೋಗಿಮಟ್ಟಿ

ಚಿತ್ರದುರ್ಗದ ಊರಿಂದ ಸುಮಾರು ಹತ್ತು ಕಿಲೋಮೀಟರ್. ಆಡುಮಲ್ಲೇಶ್ವರ ದಾಟಿ ಮೇಲೆ ಹತ್ತುವ ರಸ್ತೆ. ಬೆಟ್ಟ ಸುಮಾರು 3,800 ಅಡಿ ಎತ್ತರ, ಬಯಲುಸೀಮೆಯ ಊಟಿ ಅಂತ ಜನ ಕರೆಯುತ್ತಾರೆ. ಊಟಿಯನ್ನು ನೋಡಿದವರು ನಗಬಹುದು, ಆದರೆ ಏಪ್ರಿಲ್‌ನಲ್ಲಿ ದುರ್ಗದ ಕೋಟೆ ಹತ್ತಿ ಬೆವರು ಸುರಿಸಿಕೊಂಡು ಸಂಜೆ ಇಲ್ಲಿಗೆ ಬಂದವರು ನಗುವುದಿಲ್ಲ.

ಮೇಲೆ ಅರಣ್ಯ ಇಲಾಖೆಯ ಅತಿಥಿಗೃಹ ಇದೆ. ಇದು ಲಾಡ್ಜ್ ಅಲ್ಲ. ಸುತ್ತ ವನ್ಯಜೀವಿ ಧಾಮ, ಅದಕ್ಕೆ ಮೊದಲೇ ಅನುಮತಿ ಬೇಕು, ಸುಮ್ನೆ ಗಾಡಿ ಹತ್ತಿಸಿಕೊಂಡು ಹೋಗಿ "ರೂಮಿದೆಯಾ" ಅಂತ ಕೇಳುವ ಜಾಗ ಅಲ್ಲ. ಅನುಮತಿ ಕೇಳುವಾಗಲೇ ಎಷ್ಟು ಜನಕ್ಕೆ ಮಂಚ ಇದೆ, ಅಡುಗೆಗೆ ಏನು ವ್ಯವಸ್ಥೆ, ರಾತ್ರಿ ಕರೆಂಟು ಎಷ್ಟು ಹೊತ್ತು, ಈ ಮೂರನ್ನೂ ಕೇಳಿಬಿಡಿ. ಹನ್ನೆರಡು ಜನರನ್ನು ಒಂದೇ ಕಡೆ ಮಲಗಿಸುವ ಆಸೆ ಇದ್ದರೆ ಇಲ್ಲಿ ಸ್ವಲ್ಪ ಕಷ್ಟ. ಆರು ಜನಕ್ಕೆ ಮಾತ್ರ ಇದಕ್ಕಿಂತ ಒಳ್ಳೆ ಜಾಗ ಹತ್ತಿರದಲ್ಲಿ ಇಲ್ಲ.

ಇಲ್ಲಿಯ ನಿಜವಾದ ಮಾಲೀಕ ಗಾಳಿ. ಸುತ್ತಲಿನ ಗುಡ್ಡಗಳ ಮೇಲೆ ಸುಮ್ನೆ ಗಾಳಿಯಂತ್ರ ನೆಟ್ಟಿಲ್ಲ. ಆಷಾಢದಲ್ಲಿ ಹೋದರೆ ಕಿಟಕಿ ಬಡಿದುಕೊಳ್ಳುವ ಸದ್ದಿಗೆ ನಿದ್ದೆ ಬರುವುದಿಲ್ಲ, ಒಣಹಾಕಿದ ಟವೆಲ್ಲು ಬೆಳಿಗ್ಗೆ ಯಾವ ಕಣಿವೆಯಲ್ಲಿ ಇರುತ್ತೋ ಗೊತ್ತಿಲ್ಲ. ಆದರೆ ಮಳೆ ನಿಂತ ಮೇಲೆ, ಅಕ್ಟೋಬರ್, ನವೆಂಬರ್‌ನಲ್ಲಿ, ಗುಡ್ಡವೆಲ್ಲ ಹಸಿರಾಗಿ, ಬೆಳಗಿನ ಜಾವ ಮೋಡ ಕಾಲ ಕೆಳಗೆ ತೇಲುವಾಗ ಅಲ್ಲಿರಬೇಕು. ರಾತ್ರಿ ದುರ್ಗದ ದೀಪಗಳು ಕೆಳಗೆ ಹರಡಿಕೊಂಡಿರುವುದನ್ನು ನೋಡಿ ನಮ್ಮ ಪುಟ್ಟಿ "ನಕ್ಷತ್ರ ಕೆಳಗೆ ಬಿದ್ದಾವೆ" ಅಂದಿದ್ದಳು.

ಮೇಲೆ ಅಂಗಡಿ ಅಂತ ನಂಬಬೇಡಿ. ಬೆಂಕಿಪೊಟ್ಟಣದಿಂದ ಹಿಡಿದು ಕುಡಿಯುವ ನೀರಿನ ಕ್ಯಾನ್‌ವರೆಗೆ ಎಲ್ಲ ದುರ್ಗದಿಂದಲೇ ಹೊತ್ತುಕೊಂಡು ಹೋಗಿ. ಮಂಗಗಳಿವೆ, ಬಾಳೆಹಣ್ಣಿನ ಚೀಲ ಜಗಲಿ ಮೇಲೆ ಇಟ್ಟರೆ ಹೋಯಿತು ಅಂತಲೇ ಲೆಕ್ಕ. ಕರಡಿ, ಚಿರತೆ ಇರುವ ಕಾಡು, ಕತ್ತಲಾದ ಮೇಲೆ ಹೊರಗೆ ಅಡ್ಡಾಡುವುದು ಬೇಡ. ಇನ್ನೊಂದು, ಕ್ಯಾಂಪ್‌ಫೈರ್ ಆಸೆ ಇದ್ದವರು ಇಲ್ಲಿಗೆ ಬರಲೇಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಧಾಮದೊಳಗೆ ಬೆಂಕಿ ಹಚ್ಚುವಂತಿಲ್ಲ. ಬೇಸಿಗೆಯಲ್ಲಿ ಆ ಒಣ ಬಾದೆ ಹುಲ್ಲನ್ನು ಒಂದು ಸಲ ನೋಡಿದರೆ ಕಾಯ್ದೆ ಯಾಕೆ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಅಡಿಕೆ ತೋಟದ ಮನೆ

ದಾವಣಗೆರೆಯವರಿಗೆ ಅತಿ ಸುಲಭದ ಆಯ್ಕೆ ಇದು. ಚನ್ನಗಿರಿ, ಸಂತೇಬೆನ್ನೂರು, ಸೂಳೆಕೆರೆ ಸುತ್ತಮುತ್ತ ಎಲ್ಲ ಕಡೆ ತೋಟ. ಪ್ರತಿ ಮೂರನೆಯವರಿಗೂ ಒಬ್ಬ ಬೀಗರ ತೋಟ ಇದ್ದೇ ಇರುತ್ತದೆ. ಬೀಗರ ತೋಟ ಆದರೆ ಬಾಡಿಗೆ ಇಲ್ಲ, ಆದರೆ ಆಮೇಲೆ ಮೂರು ಮದುವೆಗೆ ಹೋಗಬೇಕು. ಬಾಡಿಗೆಗೆ ಕೊಡುವವರೂ ಈಗ ಜಾಸ್ತಿ ಆಗಿದ್ದಾರೆ.

ಒಳ್ಳೆಯದು ಏನು ಅಂದರೆ ಇಡೀ ಮನೆ ನಿಮ್ಮದೇ. ಮಕ್ಕಳು ಕೂಗಾಡಬಹುದು, ಅಂಗಳದಲ್ಲಿ ಒಲೆ ಹಚ್ಚಬಹುದು, ಪಡಸಾಲೆಯಲ್ಲಿ ಜಮಖಾನ ಹಾಸಿ ಹನ್ನೆರಡು ಜನ ಸಾಲಾಗಿ ಮಲಗಬಹುದು. ಮಧ್ಯಾಹ್ನ ಎರಡು ಗಂಟೆಗೂ ತೋಟದೊಳಗೆ ತಂಪು. ಸಂಜೆ ಸೂಳೆಕೆರೆ ಏರಿ ಮೇಲೆ ಹೋಗಿ ನಿಂತರೆ ಆಚೆ ದಡ ಕಾಣುವುದಿಲ್ಲ ಅನ್ನುವಷ್ಟು ನೀರು. ಶಾಂತಿಸಾಗರ ಅಂತ ಹೆಸರು ಬದಲಾಯಿಸಿದರೂ ನಮ್ಮ ಕಡೆ ಯಾರ ಬಾಯಲ್ಲೂ ಅದು ಕೂತಿಲ್ಲ.

ಆದರೆ ಫೋನಿನಲ್ಲೇ ಕೇಳಬೇಕಾದ್ದು ಬಹಳ ಇದೆ. ನಾನು ಕೇಳದೇ ಕೆಟ್ಟೆ. ಮೊದಲ ಪ್ರಶ್ನೆ: ನೀರು ಬೋರಿಂದಲಾ, ಬೋರಾದರೆ ತ್ರೀಫೇಸ್ ಯಾವ ಹೊತ್ತಿಗೆ? ಊರಿನ ಮನೆಯಲ್ಲಿ ಇರುವವರಿಗೆ ಇದು ಹೊಳೆಯುವುದೇ ಇಲ್ಲ. ದೀಪ ಉರಿಯುತ್ತಿದೆ, ಫ್ಯಾನು ತಿರುಗುತ್ತಿದೆ, ಹಾಗಾದರೆ ಕರೆಂಟು ಇದೆ ಅಂದುಕೊಳ್ಳುತ್ತೇವೆ. ತೋಟದ ಮೋಟರಿಗೆ ಆ ಕರೆಂಟು ಸಾಕಾಗುವುದಿಲ್ಲ, ಅದಕ್ಕೆ ತ್ರೀಫೇಸೇ ಬೇಕು. ಪಂಪ್‌ಸೆಟ್ಟಿಗೆ ದಿನಕ್ಕೆ ಏಳು ಗಂಟೆ ತ್ರೀಫೇಸ್ ಅನ್ನೋದು ಲೆಕ್ಕ, ಅದೂ ಪಾಳಿ ಮೇಲೆ, ಒಂದು ವಾರ ಹಗಲು, ಇನ್ನೊಂದು ವಾರ ರಾತ್ರಿ ಅಂತ ಬದಲಾಗುತ್ತಾ ಇರುತ್ತದೆ. ಟ್ಯಾಂಕು ಎಷ್ಟು ಲೀಟರ್, ನಾವು ಬರುವ ಹೊತ್ತಿಗೆ ತುಂಬಿಸಿ ಇಡುತ್ತಾರಾ, ಮನೆಗೆ ಅಂತ ಬೇರೆ ಸಣ್ಣ ಮೋಟರು ಇದೆಯಾ, ಇಷ್ಟು ಕೇಳಿದರೆ ಅರ್ಧ ಕೆಲಸ ಮುಗೀತು.

ಎರಡನೆಯದು, ಕೊಯ್ಲಿನ ಕಾಲವಾ ಅಂತ. ಸೆಪ್ಟೆಂಬರ್‌ನಿಂದ ಡಿಸೆಂಬರ್, ಜನವರಿವರೆಗೆ ಅಡಿಕೆ ಕೊಯ್ಲು ನಡೆಯುತ್ತಿರುತ್ತದೆ. ತೋಟ ಖೇಣಿಗೆ, ಅಂದರೆ ಫಸಲನ್ನು ಗುತ್ತಿಗೆಗೆ, ಕೊಟ್ಟಿದ್ದರೆ ಖೇಣಿ ಹಿಡಿದವರ ಆಳುಗಳು ಅಲ್ಲೇ ಬೀಡು ಬಿಟ್ಟಿರುತ್ತಾರೆ, ಅಂಗಳ ತುಂಬ ಅಡಿಕೆ ಹರಡಿರುತ್ತಾರೆ, ಸುಲಿಯುವ ಮಷಿನು ಬೆಳಗಿನಿಂದ ರಾತ್ರಿವರೆಗೆ ಗರಗರ ಅನ್ನುತ್ತಿರುತ್ತದೆ. ಅಡಿಕೆ ಬೇಯಿಸುವ ಹಂಡೆಯ ಚೊಗರಿನ, ಅಂದರೆ ಆ ಕೆಂಪು ರಸದ, ವಾಸನೆ ನನಗೇನೋ ಇಷ್ಟ. ಶಾಂತಿಗೆ ಅಂತ ಬೆಂಗಳೂರಿಂದ ಬಂದ ನಮ್ಮ ಭಾವನಿಗೆ ಇಷ್ಟ ಆಗಲಿಲ್ಲ. ಅವರ ಬಿಳಿ ಪ್ಯಾಂಟಿಗೆ ಬಿದ್ದ ಚೊಗರಿನ ಕಲೆ ಈಗಲೂ ಹೋಗಿಲ್ಲವಂತೆ.

ಮೂರನೆಯದು, ಬಾಡಿಗೆ ತಲೆ ಲೆಕ್ಕವಾ, ಮನೆ ಲೆಕ್ಕವಾ? ಮನೆ ಲೆಕ್ಕ ಆದರೆ ಜನ ಹೆಚ್ಚಾದಷ್ಟೂ ನಿಮಗೆ ಲಾಭ. ತಲೆ ಲೆಕ್ಕ ಆದರೆ ಮೂರು ವರ್ಷದ ಮಗುವೂ ಒಂದು ತಲೆಯಾ ಅಂತ ಮೊದಲೇ ಕೇಳಿ. ಹೊರಡುವ ದಿನ ಗೇಟಿನ ಹತ್ತಿರ ನಿಂತು ಮಗುವಿನ ವಯಸ್ಸಿನ ಬಗ್ಗೆ ವಾದ ಮಾಡುವುದು ಚೆನ್ನಾಗಿರಲ್ಲ.

ಹಾವಿನ ಮಾತು ಇಲ್ಲೇ ಹೇಳಿಬಿಡುತ್ತೇನೆ. ಹೆದರಿಸಲಿಕ್ಕಲ್ಲ. ತೋಟ ಅಂದರೆ ಇಲಿ, ಇಲಿ ಅಂದರೆ ಹಾವು. ಕಟ್ಟುಹಾವು ರಾತ್ರಿ ಹೊತ್ತು ಓಡಾಡುತ್ತದೆ, ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲೇ ಕಚ್ಚುತ್ತದೆ, ಕಚ್ಚಿದ್ದು ಎಷ್ಟೋ ಸಲ ನೋವೇ ಆಗುವುದಿಲ್ಲ. ಅದಕ್ಕೇ ಪಡಸಾಲೆಯಲ್ಲಿ ಮಲಗುವವರು ಸೊಳ್ಳೆಪರದೆ ಕಟ್ಟಿ, ಅದರ ಅಂಚನ್ನು ಹಾಸಿಗೆ ಕೆಳಗೆ ಸುತ್ತಲೂ ಸಿಕ್ಕಿಸಿ ಮಲಗಿ. ಬಾಗಿಲ ಕೆಳಗಿನ ಸಂದಿಗೆ ಹಳೇ ಗೋಣಿಚೀಲ ಒತ್ತಿಬಿಡಿ. ರಾತ್ರಿ ಎದ್ದರೆ ಟಾರ್ಚು, ಕಾಲಿಗೆ ಚಪ್ಪಲಿ. ಏನಾದರೂ ಆದರೆ ಕಟ್ಟು ಬಿಗಿಯುವುದು, ಕುಯ್ಯುವುದು, ನಾಟಿ ಔಷಧಿ, ಮಂತ್ರ ಯಾವುದೂ ಬೇಡ. 108ಕ್ಕೆ ಫೋನ್, ಕಚ್ಚಿಸಿಕೊಂಡವರನ್ನು ನಡೆಸದೆ ಸೀದಾ ದೊಡ್ಡ ಆಸ್ಪತ್ರೆ. ಹೋದ ದಿನ ಸಂಜೆಯೇ ಹತ್ತಿರದ ಆಸ್ಪತ್ರೆಗೆ ದಾರಿ ಯಾವುದು ಅಂತ ಒಬ್ಬರು ನೋಡಿಟ್ಟುಕೊಂಡಿರಲಿ.

ಕೊಂಡಜ್ಜಿ

ದಾವಣಗೆರೆಯಿಂದ ಅರ್ಧ ಗಂಟೆ ದಾರಿ. ಕೆರೆ, ಗುಡ್ಡ, ಕುರುಚಲು ಕಾಡು, ಪಕ್ಕದಲ್ಲೇ ಸ್ಕೌಟ್ಸ್ ಮತ್ತು ಗೈಡ್ಸ್ ತರಬೇತಿ ಕೇಂದ್ರ. ಎಷ್ಟೋ ಜನ ಚಿಕ್ಕವರಿದ್ದಾಗ ಇಲ್ಲಿ ಶಿಬಿರಕ್ಕೆ ಬಂದು ಗಂಟು ಹಾಕುವುದು ಕಲಿತು, ಅಮ್ಮ ನೆನಪಾಗಿ ಅತ್ತವರೇ.

ಇದು ದೊಡ್ಡ ಗುಂಪಿಗೆ ಹೇಳಿದ ಜಾಗ. ಇಪ್ಪತ್ತು, ಮೂವತ್ತು ಜನ, ಶಾಲೆಯ ಹಳೇ ವಿದ್ಯಾರ್ಥಿಗಳು, ಆಫೀಸಿನವರು, ಹಾಲ್‌ನಲ್ಲಿ ಸಾಲಾಗಿ ಮಲಗಲು ನಾಚಿಕೆ ಇಲ್ಲದವರು. ಸಂಸಾರದ ಗುಂಪಿಗೆ, ಅದರಲ್ಲೂ ಹೊಸದಾಗಿ ಮದುವೆಯಾದ ಜೋಡಿ ಇದ್ದರೆ, ಬೇಡ. ಇದು ಮೊದಲಿಗೆ ಮಕ್ಕಳ ತರಬೇತಿ ಜಾಗ, ಅವರ ಶಿಬಿರ ಇದ್ದಾಗ ನಮಗೆ ಜಾಗ ಕೇಳುವುದೂ ತಪ್ಪು. ಮೊದಲೇ ಮಾತಾಡಿ ಅನುಮತಿ ತಗೊಂಡು ಹೋಗಿ, ಅಲ್ಲಿಯ ಶಿಸ್ತು ಪಾಲಿಸಿ. ಕುಡಿಯುವ ಗುಂಪು ಈ ಕಡೆ ತಲೆ ಹಾಕಬೇಡಿ.

ಒಂದು ಲಾಭ ಇದೆ, ಅದನ್ನು ಮಾತ್ರ ಬೇರೆ ಯಾವ ಜಾಗವೂ ಕೊಡಲ್ಲ. ಅಜ್ಜಿಗೆ ರಾತ್ರಿ ಸರಿಹೋಗಲಿಲ್ಲ ಅಂದರೆ ಅರ್ಧ ಗಂಟೆಯಲ್ಲಿ ಮನೆಗೆ ಬಿಟ್ಟು ವಾಪಸ್ ಬರಬಹುದು.

ಕೆಮ್ಮಣ್ಣುಗುಂಡಿ

"ಅದೇ ಬಯಲು, ಅದೇ ಕೆರೆ ಎಷ್ಟು ನೋಡೋದು, ಮಲೆನಾಡಿಗೆ ಹೋಗೋಣ" ಅನ್ನುವವರು ಪ್ರತಿ ಗುಂಪಿನಲ್ಲೂ ಒಬ್ಬರಿರುತ್ತಾರೆ. ನಮ್ಮಲ್ಲಿ ಅತ್ತಿಗೆ. ಅವರ ಮಾತೂ ಸುಳ್ಳಲ್ಲ. ದಾವಣಗೆರೆಯಿಂದ ಮೂರೂವರೆ ಗಂಟೆ ಹಿಡಿಯುತ್ತದೆ, ತರೀಕೆರೆ, ಲಿಂಗದಹಳ್ಳಿ ಮೇಲೆ ಹತ್ತಬೇಕು. 1,434 ಮೀಟರ್ ಎತ್ತರ. ತೋಟಗಾರಿಕೆ ಇಲಾಖೆಯ ಹಳೇ ಅತಿಥಿಗೃಹಗಳಿವೆ, ಗುಲಾಬಿ ತೋಟ ಇದೆ, ಝಡ್ ಪಾಯಿಂಟ್‌ಗೆ ನಡೆಯಬಹುದು, ಹೆಬ್ಬೆ ಜಲಪಾತಕ್ಕೆ ಜೀಪಿನಲ್ಲಿ ಹೋಗಬಹುದು.

ಮೂರೂವರೆ ಗಂಟೆ ಅಂದೆನಲ್ಲ, ಅದು ಎರಡು ಕಾರಿನ ಲೆಕ್ಕ. ಹನ್ನೆರಡು ಜನ ಟೆಂಪೋ ಟ್ರಾವೆಲರ್‌ನಲ್ಲಿ ಹೊರಟರೆ ಒಂದು ಟೀ, ಒಂದು ತಿಂಡಿ, ತಿರುವಿನಲ್ಲಿ ಎರಡು ವಾಂತಿ ಸೇರಿಸಿ ಐದು ಗಂಟೆ. ಎರಡು ರಾತ್ರಿ ಇದ್ದರೆ ಮಾತ್ರ ಈ ದಾರಿ ಲಾಭ. ಒಂದೇ ರಾತ್ರಿಗೆ ಅಂದರೆ ಹೋಗೋದು ಬರೋದರಲ್ಲೇ ಮುಗಿಯುತ್ತದೆ, ಜೋಗಿಮಟ್ಟಿಗೇ ಹೋಗಿ.

ಮಳೆಗಾಲದಲ್ಲಿ ಇಂಬಳ, ಅಂದರೆ ಜಿಗಣೆ. ಬಯಲುಸೀಮೆಯವರು ಇಂಬಳ ನೋಡಿ ಕಿರುಚುವ ರೀತಿಗೆ ಅಲ್ಲಿಯವರು ನಗುತ್ತಾರೆ. ಉಪ್ಪು ಅಥವಾ ಸುಣ್ಣ ತಂಬಾಕು ಮುಟ್ಟಿಸಿದರೆ ಉದುರುತ್ತದೆ, ಅದೊಂದು ದೊಡ್ಡ ವಿಷಯ ಅಲ್ಲ. ಮಲೆನಾಡಿನ ಕಾಡಿನಲ್ಲಿ ಹುಷಾರಾಗಿರಬೇಕಾದ್ದು ಡಿಸೆಂಬರ್‌ನಿಂದ ಮೇವರೆಗೆ, ಉಣುಗಿನ, ಅಂದರೆ ಉಣ್ಣೆ ಹುಳದ, ಕಾಲದಲ್ಲಿ. ಮಂಗನ ಕಾಯಿಲೆ ಹರಡುವುದು ಈ ಉಣುಗಿನಿಂದ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಪತ್ತೆಯಾದ ಕಾಯಿಲೆ, ಈಗಲೂ ಹೋಗಿಲ್ಲ. ಆ ತಿಂಗಳುಗಳಲ್ಲಿ ಹೋಗುವುದಾದರೆ ಕಾಡಿನ ದಾರಿ ಬಗ್ಗೆ ಅಲ್ಲಿಯವರನ್ನು ಕೇಳಿ, ತುಂಬು ತೋಳಿನ ಬಟ್ಟೆ ಹಾಕಿ, ಒಣ ಎಲೆ ಮೇಲೆ ಕೂರಬೇಡಿ, ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ. ವಾಪಸ್ ಬಂದ ಮೇಲೆ ಬಿಸಿನೀರಿನ ಸ್ನಾನ. ಮನೆಗೆ ಬಂದು ಎರಡು ವಾರದೊಳಗೆ ಜೋರು ಜ್ವರ ಬಂದರೆ ಡಾಕ್ಟರಿಗೆ ಕಾಡಿಗೆ ಹೋಗಿದ್ದ ಮಾತು ಹೇಳಿ.

ವಾಣಿವಿಲಾಸ ಸಾಗರ ಯಾಕೆ ಬಿಟ್ಟೆ ಅಂತ ಹಿರಿಯೂರಿನವರು ಕೇಳಬಹುದು. 1907ರಲ್ಲಿ ಮುಗಿದ ಅಣೆಕಟ್ಟು, 1933ರಲ್ಲಿ ಕೋಡಿ ಬಿದ್ದದ್ದು ಆಮೇಲೆ ಬಿದ್ದದ್ದು 2022ರಲ್ಲೇ, ಆ ವರ್ಷ ನಾವೂ ಬುತ್ತಿ ಕಟ್ಟಿಕೊಂಡು ನೋಡಲು ಹೋಗಿದ್ದೆವು. ಹಗಲಿಗೆ ಬಹಳ ಚೆಂದ. ರಾತ್ರಿ ಉಳಿಯಲು ನನಗೆ ಇಷ್ಟ ಆಗಲಿಲ್ಲ, ಅಷ್ಟೇ.

ಏನು ಹೊತ್ತುಕೊಂಡು ಹೋಗಬೇಕು

ಜಾಗ ಯಾವುದೇ ಆಗಲಿ, ಮೊದಲ ರಾತ್ರಿ ಅಡುಗೆ ಮಾಡುವ ಪ್ಲಾನು ಇಟ್ಟುಕೊಳ್ಳಬೇಡಿ. ಒಲೆ ಹೊತ್ತುವುದಿಲ್ಲ, ಉಪ್ಪು ಯಾವ ಚೀಲದಲ್ಲಿದೆ ಗೊತ್ತಿರುವುದಿಲ್ಲ, ಎಲ್ಲರಿಗೂ ಹಸಿವು. ನಮ್ಮ ಕಡೆಯವರಿಗೆ ಇದಕ್ಕೆ ಉತ್ತರ ಮನೆಯಲ್ಲೇ ಇದೆ. ಖಡಕ್ ರೊಟ್ಟಿ. ನಲವತ್ತು ರೊಟ್ಟಿಯನ್ನು ಬಿಳಿ ಪಂಚೆಯಲ್ಲಿ ಕಟ್ಟಿ, ಅದನ್ನು ಸ್ಟೀಲಿನ ಡಬ್ಬಿಯಲ್ಲಿ ನಿಲ್ಲಿಸಿ ಇಟ್ಟರೆ ಎರಡು ದಿನ ಏನು, ಎರಡು ವಾರ ಆದರೂ ಏನೂ ಆಗಲ್ಲ. ಮಲಗಿಸಿ ಇಟ್ಟು ಮೇಲೆ ಯಾರಾದರೂ ಬ್ಯಾಗು ಇಟ್ಟರೆ ಬರೀ ಪುಡಿ ತಿನ್ನಬೇಕು. ಜೊತೆಗೆ ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ, ಮೊಸರು, ಈರುಳ್ಳಿ. ಊಟ ಆಯಿತು.

ಸಂಜೆಗೆ ಮಂಡಕ್ಕಿ. ದಾವಣಗೆರೆ ಭಟ್ಟಿಯಿಂದ ಬಿಸಿ ಇರುವಾಗಲೇ ಒಂದು ಚೀಲ ತಂದುಬಿಡಿ, ತೂಕ ಏನೂ ಇಲ್ಲ, ಹನ್ನೆರಡು ಬಾಯಿಗೆ ಎರಡು ಸಂಜೆ ಆಗುತ್ತದೆ. ಮಿರ್ಚಿ ಅಲ್ಲೇ ಕರಿಯಿರಿ. ಬೆಣ್ಣೆ ದೋಸೆ ಹಿಟ್ಟು ತೆಗೆದುಕೊಂಡು ಹೋಗುವ ಹುಚ್ಚು ಸಾಹಸ ಒಮ್ಮೆ ಮಾಡಿದ್ದೆವು. ಗಾಡಿಯ ಡಿಕ್ಕಿಯಲ್ಲಿ ಹಿಟ್ಟು ಉಕ್ಕಿ ಬಂದ ಕಥೆ ಬೇಡ.

ಹೊದಿಕೆಗೆ ಚಳ್ಳಕೆರೆ ಕಂಬಳಿ. ಚುಚ್ಚುತ್ತದೆ, ನಿಜ, ಒಳಗೊಂದು ಹಳೇ ಸೀರೆ ಇಟ್ಟುಕೊಳ್ಳಿ. ಜೋಗಿಮಟ್ಟಿಯ ಗಾಳಿಗೆ ಬಣ್ಣಬಣ್ಣದ ತೆಳು ಬ್ಲಾಂಕೆಟ್ಟು ಏನೂ ಅಲ್ಲ.

ಚಳಿ ಅಂತ ಇದ್ದಿಲ ಬಾಣಲೆ ಕೋಣೆಯೊಳಗೆ ಇಟ್ಟು ಬಾಗಿಲು ಹಾಕಿಕೊಂಡು ಮಲಗುವುದು ಮಾತ್ರ ಯಾವತ್ತೂ ಬೇಡ. ಇದ್ದಿಲಿನಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಮಲಗಿದವರು ಏಳುವುದೇ ಇಲ್ಲ. ಬೆಂಕಿ ಕಾಯಿಸಿಕೊಳ್ಳುವುದು ಹೊರಗೆ, ಮಲಗುವುದು ಒಳಗೆ.

ಮಲಗುವ ವ್ಯವಸ್ಥೆಯನ್ನು ಸಂಜೆ ಬೆಳಕಿರುವಾಗಲೇ ಮಾಡಿಬಿಡಿ. ಅಜ್ಜಿ ಪಾಯಿಖಾನೆಗೆ ಹತ್ತಿರದ ಮಂಚದಲ್ಲಿ. ಗೊರಕೆಯವರೆಲ್ಲ ಒಂದೇ ಕೋಣೆಯಲ್ಲಿ, ಅವರವರಲ್ಲೇ ಪೈಪೋಟಿ ಮಾಡಿಕೊಳ್ಳಲಿ. ನಾನೂ ಅದೇ ಕೋಣೆ ಅಂತ ಮನೆಯವರು ಹೇಳುತ್ತಾರೆ.

ಈ ಡಿಸೆಂಬರ್‌ಗೆ ಮತ್ತೆ ಎಲ್ಲಿಗೆ ಅಂತ ಚರ್ಚೆ ಶುರುವಾಗಿದೆ. ಅತ್ತಿಗೆ ಕೆಮ್ಮಣ್ಣುಗುಂಡಿ ಅಂತಾರೆ, ಹುಡುಗರು ಜೋಗಿಮಟ್ಟಿ ಅಂತಾರೆ. ನಾನು ಸಂತೇಬೆನ್ನೂರು ಕಡೆಯ ಇನ್ನೊಂದು ತೋಟದ ಮನೆ ನೋಡಿಟ್ಟಿದ್ದೇನೆ, ಎರಡು ಪಾಯಿಖಾನೆ, ಖೇಣಿಗೆ ಕೊಟ್ಟಿಲ್ಲ, ಮನೆಗೆ ಬೇರೆ ಮೋಟರು. ಮೊನ್ನೆ ಮಾಲೀಕರ ಜೊತೆ ಮಾತಾಡುತ್ತಿದ್ದಾಗ ದೊಡ್ಡಮ್ಮ ಬಂದು ನನ್ನ ಕೈಯಿಂದ ಫೋನು ಇಸಿದುಕೊಂಡರು. ನಮಸ್ಕಾರ ಇಲ್ಲ, ಏನಿಲ್ಲ.

"ಏನಪ್ಪಾ, ಟ್ಯಾಂಕು ಎಷ್ಟು ಲೀಟರಿಂದು?"